ನಿಮಗಿದು ಗೊತ್ತೇ? ಮಕ್ಕಳ ಕಥೆಗಾರರ ಕಸುಬಿನ ಗುಟ್ಟು

ಟೋಲ್ಕಿನ್ ಅವರ ‘ದಿ ಹಾಬಿಟ್’ ಅಚ್ಚಾಗಬಹುದು ಎಂದು ತೀರ್ಪು ಕೊಟ್ಟವನ ವಯಸ್ಸು 10. ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ 1936ರಲ್ಲಿ ಹಸ್ತಪ್ರತಿಯನ್ನು ಮಗ ರೇನರ್ ಕೈಗಿತ್ತರು. ಹುಡುಗ ಓದಿ, ಐದರಿಂದ ಒಂಬತ್ತು ವರ್ಷದವರಿಗೆ ಹಿಡಿಸುತ್ತದೆ ಎಂದು ಬರೆದುಕೊಟ್ಟ. ಕೂಲಿ ಒಂದು ಶಿಲ್ಲಿಂಗ್. ತಾನು ಮಾತ್ರ ಆ ವಯಸ್ಸು ದಾಟಿದವನೆಂಬ ಗತ್ತು ನೋಡಿ!

‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಬೇರು ಕಾಯಿಲೆ ಬಿದ್ದ ಹುಡುಗನೊಬ್ಬನ ಹಾಸಿಗೆಯ ಬಳಿ ಇದೆ. ಚಿತ್ರ ಬರೆಯುವ ಹುಚ್ಚಿದ್ದ ವಿಲ್ಲಿ ಮ್ಯಾಕ್‌ರೆಡಿಗೆ ಬರೆಯಲು ಏನಾದರೂ ಬೇಕಲ್ಲ ಎಂದು ರಾಬರ್ಟ್ ಬ್ರೌನಿಂಗ್ ಇಲಿಗಳ ಊರಿನ ಕಥೆಯನ್ನು ಪದ್ಯ ಮಾಡಿದರು. ಅದು ಅಚ್ಚಾದದ್ದು 1842ರಲ್ಲಿ. ಕುವೆಂಪು ಆ ಜರ್ಮನ್ ಊರನ್ನು ಎತ್ತಿ ತಂದು ತುಂಗೆಯ ದಡದಲ್ಲಿಟ್ಟರು, ಮೇಯರನ ಜಾಗದಲ್ಲಿ ಗೌಡನನ್ನು ಕೂರಿಸಿದರು. ಇಲಿಗಳಿಗೆ ಮಾತ್ರ ಯಾವ ಊರಾದರೇನು!

ಸ್ವೀಡನ್ನಿನ ‘ಪಿಪ್ಪಿ’ ಹುಟ್ಟಿದ್ದೂ ಹಾಸಿಗೆಯ ಬಳಿಯೇ. 1941ರಲ್ಲಿ ಮೈ ಹುಷಾರಿಲ್ಲದೆ ಮಲಗಿದ್ದ ಕಾರಿನ್, ಆಗಷ್ಟೇ ತನ್ನ ತಲೆಗೆ ಹೊಳೆದ ಹೆಸರೊಂದನ್ನು ಹೇಳಿ, ಇವಳ ಕಥೆ ಹೇಳು ಎಂದು ಅಮ್ಮನ ಬೆನ್ನುಬಿದ್ದಳು. ವಿಚಿತ್ರ ಹೆಸರಿಗೆ ತಕ್ಕಂತೆ ಹುಡುಗಿಯೂ ವಿಚಿತ್ರವಾಗಿಯೇ ಇರಬೇಕಾಯಿತು. ಮೂರು ವರ್ಷದ ನಂತರ ಆ ಅಮ್ಮ, ಆಸ್ಟ್ರಿಡ್ ಲಿಂಡ್‌ಗ್ರೆನ್, ಹಿಮದಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಮಲಗಿದಾಗ ಅದನ್ನೆಲ್ಲ ಶೀಘ್ರಲಿಪಿಯಲ್ಲಿ ಗೀಚಿದರು. ಪುಸ್ತಕ ಬಂದದ್ದು 1945ರಲ್ಲಿ.

ಕೇವಲ 50 ಬೇರೆ ಬೇರೆ ಪದಗಳಲ್ಲಿ ಒಂದು ಪುಸ್ತಕ! ಪ್ರಕಾಶಕ ಬೆನೆಟ್ ಸರ್ಫ್ ಕಟ್ಟಿದ ಬಾಜಿಗೆ ಡಾ. ಸ್ಯೂಸ್ 1960ರಲ್ಲಿ ಕೊಟ್ಟ ಉತ್ತರ ‘ಗ್ರೀನ್ ಎಗ್ಸ್ ಅಂಡ್ ಹ್ಯಾಮ್’. ಇಂಗ್ಲಿಷಿನಲ್ಲಿ ಒಂದೇ ಉಚ್ಚಾರಾಂಶಕ್ಕೆ ಮುಗಿಯುವ ಪದಗಳೇ ಅದರಲ್ಲಿ 49. ಕನ್ನಡದಲ್ಲಿ ಈ ಆಟ ಆಡಬೇಕೆನಿಸಿದರೆ ಒಂದನೇ ತರಗತಿಯ ‘ರ ಗ ಸ ದ ಅ, ಜ ವ ಮ ಬ ನ’ ಇಟ್ಟುಕೊಂಡು ಕೂತುಕೊಳ್ಳಿ. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಅರಸ ಸಿಗುತ್ತಾನೆ, ಗರಗಸವೂ ಸಿಗುತ್ತದೆ. ಅರಸ ಗರಗಸವನ್ನು ಏನು ಮಾಡಿದ ಎಂದು ಹೇಳಲು ಕ್ರಿಯಾಪದ ಹುಡುಕುವಾಗ ಬೆವರಿಳಿಯುತ್ತದೆ.

ಚಿತ್ರಪುಸ್ತಕಗಳಿಗೆ ಹೆಚ್ಚಾಗಿ 32 ಪುಟಗಳೇ ಏಕೆ? ದೊಡ್ಡ ಹಾಳೆಯ ಎರಡೂ ಬದಿ ಅಚ್ಚುಹಾಕಿ ಮಡಚುತ್ತ ಹೋದರೆ ಪುಟಗಳು 8, 16, 32 ಎಂದೇ ಹೆಚ್ಚುತ್ತವೆ. ಕಥೆಯ ಅಳತೆಯನ್ನು ಯಂತ್ರ ಮೊದಲೇ ಗೊತ್ತುಮಾಡಿಬಿಟ್ಟಿದೆ. ಅದಕ್ಕೇ ಈ ಕಸುಬು ಬಲ್ಲವರು, ಮುಂದೇನು ಎಂಬ ಪ್ರಶ್ನೆ ಬಲಬದಿಯ ಪುಟದ ಕೊನೆಗೇ ಬೀಳುವಂತೆ ನೋಡಿಕೊಳ್ಳುತ್ತಾರೆ. ಉತ್ತರ ಬೇಕಿದ್ದರೆ ಮಗು ಪುಟ ತಿರುಗಿಸಲೇಬೇಕು.

ಮಾರಿಸ್ ಸೆಂಡಾಕ್ ಬರೆಯಹೊರಟದ್ದು ಕಾಡುಕುದುರೆಗಳ ಕಥೆ. ಕುದುರೆಯ ಚಿತ್ರ ಅವರ ಕೈಗೆ ಹತ್ತಲಿಲ್ಲ! ಕುದುರೆಗಳು ಹೋಗಿ ಹೆಸರಿಲ್ಲದ ಕಾಡುಜೀವಿಗಳು ಬಂದವು. 1963ರಲ್ಲಿ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಹೊರಬಂತು. ಹುಡುಗನ ಕುಣಿತ ತಾರಕಕ್ಕೇರಿದಾಗ ಸತತ ಆರು ಪುಟಗಳಲ್ಲಿ ಒಂದಕ್ಷರವೂ ಇಲ್ಲ. ಬಾಯಿ ಮುಚ್ಚಿಕೊಂಡಿರಬೇಕಾದ ಜಾಗ ಗೊತ್ತಿದ್ದ ಲೇಖಕ.

ಇ. ಬಿ. ವೈಟ್ ಜೇಡದ ಮೊಟ್ಟೆಚೀಲವನ್ನು ಮೇಯ್ನ್‌ನ ತಮ್ಮ ಕೊಟ್ಟಿಗೆಯಿಂದ ನ್ಯೂಯಾರ್ಕಿಗೆ ಮಿಠಾಯಿ ಡಬ್ಬಿಯಲ್ಲಿ ಕೊಂಡೊಯ್ದಿದ್ದರು. ಮರಿಗಳು ಒಡೆದು ಬಂದು ಅವರ ಮೇಜಿನ ಮೇಲೆಲ್ಲ ನೂಲು ಕಟ್ಟಿದವು. ‘ಷಾರ್ಲಟ್ಸ್ ವೆಬ್’ ಬರೆದು ಮುಗಿಸಿದ ಮೇಲೂ ಏನೋ ಕೊರತೆ ಎನಿಸಿ, ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಬದಿಗಿಟ್ಟರು. ಇಂದು ಕಥೆಗೆ ಬಾಗಿಲು ತೆರೆಯುವ ಹುಡುಗಿ ಫರ್ನ್ ಒಳಗೆ ಬಂದದ್ದು ತಿದ್ದುವಾಗಲೇ. 1952ರಲ್ಲಿ ಪುಸ್ತಕ ಬಂತು.

‘ಟ್ರೆಷರ್ ಐಲೆಂಡ್’ಗೆ ನಕ್ಷೆ ಮೊದಲು, ಕಥೆ ಆಮೇಲೆ. 1881ರ ಮಳೆಗಾಲದಂಥ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಮನೆಯೊಳಗೆ ಮಲಮಗನ ಜೊತೆ ಕಾಲ ಕಳೆಯುತ್ತ ಸ್ಟೀವನ್‌ಸನ್ ದ್ವೀಪವೊಂದನ್ನು ಬರೆದರು. ಪಾತ್ರಗಳು ಆ ದ್ವೀಪದಿಂದ ಎದ್ದು ಬಂದವು. ಪುಸ್ತಕವಾಗುವ ಹೊತ್ತಿಗೆ ಪ್ರಕಾಶಕರಿಗೆ ಕಳಿಸಿದ ನಕ್ಷೆ ಕಳೆದುಹೋಯಿತು. ಪಾಪ, ತನ್ನದೇ ಕಾದಂಬರಿಯನ್ನು ಸಾಲುಸಾಲಾಗಿ ಸೋಸಿ, ಎಲ್ಲಿ ಗುಡ್ಡ, ಎಲ್ಲಿ ಕೊಲ್ಲಿ ಎಂದು ಪಟ್ಟಿ ಮಾಡಿ ಮತ್ತೆ ಬರೆಯಬೇಕಾಯಿತು.

ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ ಮಾಲ್ಗುಡಿ ರೈಲು ನಿಲ್ದಾಣಕ್ಕೆ ಅಡಿಗಲ್ಲು ಹಾಕಿದ್ದು ಬೆಂಗಳೂರಿನಲ್ಲಿ, 1930ರ ವಿಜಯದಶಮಿಯಂದು. ಮುಹೂರ್ತ ಅಜ್ಜಿಯದು. ಪ್ರಕಾಶಕರು ಸಾಲಾಗಿ ಒಲ್ಲೆ ಎಂದಾಗ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್‌ಗೆ ಎಸೆದುಬಿಡು ಎಂದು ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಬರೆದರು. ಗೆಳೆಯ ಅದನ್ನು ಗ್ರಹಾಂ ಗ್ರೀನ್‌ಗೆ ತಲುಪಿಸಿದ. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂತು. ಮಕ್ಕಳಿಗಾಗಿಯೇ ಬರೆದದ್ದಲ್ಲ, ಆದರೂ ಲೆಕ್ಕದ ಮೇಷ್ಟ್ರಿಗೆ ಹೆದರಿದವರೆಲ್ಲ ಸ್ವಾಮಿಯನ್ನು ತಮ್ಮ ಗುಂಪಿಗೆ ಸೇರಿಸಿಕೊಂಡರು.

ಹದಿಹರೆಯದವರ ಕಾದಂಬರಿಗೆ ದಾರಿ ಮಾಡಿದವರಲ್ಲಿ ಒಬ್ಬಳು ತಾನೇ ಹದಿಹರೆಯದವಳು. ಒಕ್ಲಹೋಮಾದ ಎಸ್. ಇ. ಹಿಂಟನ್ ‘ದಿ ಔಟ್‌ಸೈಡರ್ಸ್’ ಶುರುಮಾಡಿದ್ದು 15ರಲ್ಲಿ, ಅದು ಅಚ್ಚಾದಾಗ (1967) ವಯಸ್ಸು 18. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಳೆಂದರೆ ವಿಮರ್ಶಕರು ಮೂಗು ಮುರಿಯುತ್ತಾರೆಂದು ಪ್ರಕಾಶಕರು ಹೆಸರನ್ನು ಇನಿಷಿಯಲ್‌ಗಳ ಹಿಂದೆ ಅಡಗಿಸಿದರು.

ರಾಬರ್ಟ್ ಕಾರ್ಮಿಯರ್ ‘ದಿ ಚಾಕೊಲೇಟ್ ವಾರ್’ (1974) ಕಾದಂಬರಿಯಲ್ಲಿ ನಾಯಕ ಹುಡುಗನನ್ನು ಸೋಲಿಸಿದರು. ಅಂತ್ಯ ಬದಲಿಸಿ ಎಂದವರ ಮಾತಿಗೆ ಒಪ್ಪಲಿಲ್ಲ. ಮುಂದೆ ‘ಐ ಆ್ಯಮ್ ದ ಚೀಸ್’ (1977) ಬರೆಯುವಾಗ ಏಮಿ ಎಂಬ ಹುಡುಗಿಗೆ ಒಂದು ಫೋನ್ ನಂಬರ್ ಬೇಕಾಯಿತು. ತಮ್ಮ ಮನೆಯದನ್ನೇ ಹಾಕಿದರು. ದೇಶದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಫೋನ್ ತಿರುಗಿಸಿ ಏಮಿಯನ್ನು ಕೇಳುತ್ತಿದ್ದರು. ಕಾರ್ಮಿಯರ್ ರಿಸೀವರ್ ಎತ್ತಿ ಮಾತಿಗೆ ಕೂರುತ್ತಿದ್ದರು.