ಬೇಸಗೆಯ ಬಿಸಿಲೂ ಆಡುವ ಮಕ್ಕಳೂ

ಬೆಂಗಳೂರೂ ಚೆನ್ನೈಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಸೂರ್ಯನು ಎರಡೂ ನಗರಗಳ ನೆತ್ತಿಯ ಮೇಲೆ ಬರುತ್ತಾನೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಚೆನ್ನೈಯಾದರೋ ಕಡಲ ದಡದಲ್ಲಿದೆ. ಊರಿನ ಹೊಂಗೆಯ ನೆರಳಿನಲ್ಲಿ ದಿನವಿಡೀ ಆಡಿ ಬೆಳೆದ ತಂದೆತಾಯಿಗಳು, ಅದೇ ರೂಢಿ ಇಲ್ಲಿನ ಸಿಮೆಂಟಿನ ಅಂಗಳದಲ್ಲಿಯೂ ನಡೆದೀತೆಂದು ಭಾವಿಸಲಾಗದು.

ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ಹಿರಿಯರಿಗಿಂತ ಹೆಚ್ಚು. ಆದ್ದರಿಂದ ಸುತ್ತಲಿನ ಕಾವು ಬೇಗನೆ ಮೈಗೇರುತ್ತದೆ. ಬೆವರುವ ಶಕ್ತಿಯೂ ಕಡಿಮೆ. ಮೇಲಾಗಿ ತೇವದ ಹವೆಯಲ್ಲಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ನಮ್ಮ ಚರ್ಮದ ಕಪ್ಪು ಬಿಸಿಲಿನ ಸುಡುಗಾಯದಿಂದ ಒಂದಿಷ್ಟು ರಕ್ಷಿಸೀತೇ ಹೊರತು ಈ ಕಾವಿನಿಂದ ರಕ್ಷಿಸದು.

ಹಾಗೆಂದು ಮಕ್ಕಳನ್ನು ಮನೆಯೊಳಗೆ ಕೂಡಿಹಾಕುವುದು ತರವಲ್ಲ. ಹೊರಗಿನ ಆಟ ಮೂಳೆ ಸ್ನಾಯುಗಳಿಗೆ, ಬಯಲಿನ ಬೆಳಕು ಕಣ್ಣಿಗೆ ಹಿತ. ಬೇಕಾದುದು ಹೊತ್ತಿನ ವಿವೇಕ. ಮಗುವಿನ ನೆರಳು ಅದರ ಎತ್ತರಕ್ಕಿಂತ ಮೋಟಾಗಿದ್ದರೆ ಬಿಸಿಲು ಪ್ರಖರವಾಗಿದೆಯೆಂದು ತಿಳಿಯಬೇಕು. ಮೇ ತಿಂಗಳ ‘ಅಗ್ನಿನಕ್ಷತ್ರ’ದ ದಿನಗಳಲ್ಲಂತೂ ಆಟ ಮುಂಜಾನೆಗೂ ಸಂಜೆಗೂ ಮೀಸಲಾಗಲಿ. ಕಡಲಗಾಳಿ ತಂಪೆನಿಸಿದರೂ, ಮೋಡ ಕವಿದಿದ್ದರೂ, ನೇರಳಾತೀತ ಕಿರಣಗಳು ಚರ್ಮವನ್ನು ತಾಕುತ್ತಲೇ ಇರುತ್ತವೆ. ತಿಳಿಬಣ್ಣದ ಸಡಿಲ ಹತ್ತಿಯ ಅಂಗಿ, ಅಗಲ ಅಂಚಿನ ಟೋಪಿ ಇರಲಿ. ಉದ್ಯಾನದ ಕಬ್ಬಿಣದ ಜಾರುಬಂಡೆಯನ್ನು ಮೊದಲು ಹಿರಿಯರು ಮುಟ್ಟಿ ನೋಡಲಿ. ನಿಂತ ಕಾರಿನಲ್ಲಿ ಮಗುವನ್ನು ಕ್ಷಣಮಾತ್ರವೂ ಒಂಟಿಯಾಗಿ ಬಿಡಬಾರದು.

ಆಟದ ಭರದಲ್ಲಿ ಮಕ್ಕಳಿಗೆ ಬಾಯಾರಿಕೆಯ ಪರಿವೆಯಿರದು. ಇಪ್ಪತ್ತು ನಿಮಿಷಕ್ಕೊಮ್ಮೆ ಕರೆದು ನೀರು ಕುಡಿಸಬೇಕು. ನೀರುಮಜ್ಜಿಗೆ, ಎಳನೀರು ಉತ್ತಮ. ಆರು ತಿಂಗಳೊಳಗಿನ ಕೂಸಿಗೆ ಬೇಸಗೆಯಲ್ಲಿಯೂ ಎದೆಹಾಲೇ ಸಾಕು. ಪದೇ ಪದೇ ಉಣಿಸಿದರಾಯಿತು.

ಮಗು ಮಂಕಾದರೆ, ತಲೆನೋವು ಎಂದರೆ, ವಾಂತಿ ಮಾಡಿದರೆ, ಮೂತ್ರ ಗಾಢ ಹಳದಿಯಾದರೆ ಆಟ ನಿಲ್ಲಿಸಿ ತಂಪಾದೆಡೆಗೆ ಕರೆದೊಯ್ಯಬೇಕು. ಮೈ ಕೆಂಡದಂತೆ ಸುಟ್ಟು, ಮಾತು ತೊದಲಿದರೆ, ಸೆಳವು ಬಂದರೆ ಅಥವಾ ಎಚ್ಚರ ತಪ್ಪಿದರೆ ಅದು ಉಷ್ಣಾಘಾತ, ಪ್ರಾಣಕ್ಕೆ ಅಪಾಯ. ಒಬ್ಬರು 108ಕ್ಕೆ ಕರೆಮಾಡುವಷ್ಟರಲ್ಲಿ ಇನ್ನೊಬ್ಬರು ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು. ಜ್ವರದ ಮಾತ್ರೆ ಈ ತಾಪವನ್ನು ಇಳಿಸದು. ವೈದ್ಯರ ಬಳಿ ತಲುಪುವವರೆಗೂ ಮೈಯನ್ನು ತಣಿಸುತ್ತಲೇ ಇರುವುದೇ ಮಗುವನ್ನು ಉಳಿಸುವ ದಾರಿ.