ಒಂದೇ ಕೆಸರು, ಮೂರು ವಿಜ್ಞಾನ

2020ರ ಫೆಬ್ರುವರಿಯಲ್ಲಿ ಆ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ. ಐಕಳ ಕಂಬಳದಲ್ಲಿ ಎರಡು ಕೋಣಗಳ ಹಿಂದೆ ಕೆಸರು ಹಾರಿಸುತ್ತಾ ಓಡಿದ ಶ್ರೀನಿವಾಸ ಗೌಡ. ದೂರ 142.5 ಮೀಟರ್, ಸಮಯ 13.62 ಸೆಕೆಂಡ್. ಯಾರೋ ಕ್ಯಾಲ್ಕುಲೇಟರ್ ತೆಗೆದು ಅದನ್ನು ನೂರು ಮೀಟರಿಗೆ ಇಳಿಸಿದರು, 9.55 ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಅಷ್ಟೇ ಸಾಕಾಯ್ತು. ಒಂದು ವಾರ ದೇಶದ ತುಂಬಾ ಅದೇ ಮಾತು. ಅದೇ ತಿಂಗಳು ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದಾಗ ಮಾತಿಗೆ ಇನ್ನಷ್ಟು ಬಿಸಿ ಏರಿತು.

ಆಫೀಸಿನ ಊಟದ ಟೇಬಲ್ಲಿನಲ್ಲಿ ಆಗ ಮೂರು ಪಂಗಡ ಇದ್ದವು. ‘ಇವರನ್ನ ಒಲಿಂಪಿಕ್ಸ್‌ಗೆ ಕಳಿಸಿ’ ಅನ್ನೋರು ಒಂದು ಕಡೆ. ‘ಕೆಸರಲ್ಲಿ ಅಷ್ಟು ವೇಗ ಸಾಧ್ಯಾನೇ ಇಲ್ಲ’ ಅನ್ನೋರು ಇನ್ನೊಂದು ಕಡೆ. ‘ಕೋಣಗಳ ಕಥೆ ಏನು, ಅವುಗಳಿಗೆ ಹೊಡೆಯೋದಿಲ್ವಾ?’ ಅಂತ ಕೇಳೋರು ಮೂರನೇ ಕಡೆ. ವಿಚಿತ್ರ ನೋಡಿ, ಈ ಮೂರು ಪ್ರಶ್ನೆಗಳು ವಿಶ್ವವಿದ್ಯಾಲಯದಲ್ಲಿ ಮೂರು ಬೇರೆ ಬೇರೆ ಕಟ್ಟಡಗಳಲ್ಲಿ ಕೂತಿರುತ್ತವೆ. ಕೆಸರಿನದು ಮಣ್ಣು ವಿಜ್ಞಾನ, ಆಟಗಾರನದು ಕ್ರೀಡಾ ಸಮಾಜಶಾಸ್ತ್ರ, ಕೋಣದ್ದು ಪ್ರಾಣಿ ವರ್ತನಾ ವಿಜ್ಞಾನ. ಕಂಬಳದ ಕರೆಯಲ್ಲಿ ಮಾತ್ರ ಮೂರೂ ಒಟ್ಟಿಗೇ ಓಡುತ್ತವೆ.

ಮೊದಲು ಲೆಕ್ಕ ಸರಿಮಾಡೋಣ

ನೂರು ಮೀಟರಿಗೆ ಇಳಿಸಿದ ಲೆಕ್ಕದಲ್ಲಿ ಒಂದು ತೊಡಕಿದೆ. ಯಾವ ಓಟಗಾರನಾದರೂ ನಿಂತಲ್ಲಿಂದ ಪೂರ್ತಿ ವೇಗಕ್ಕೆ ಬರಲು ಸಮಯ ಬೇಕು. ನೂರು ಮೀಟರ್ ಓಟದಲ್ಲಿ ಈ ನಿಧಾನದ ಪಾಲು ದೊಡ್ಡದು. ದೂರ ಸ್ವಲ್ಪ ಹೆಚ್ಚಾದರೆ ಅದು ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತೆ. ಹಾಗಾಗಿ ಹೋಲಿಸಬೇಕಾದ್ದು ಬರ್ಲಿನ್ ಓಟಕ್ಕಲ್ಲ, ಅದೇ ವರ್ಷ ಮ್ಯಾಂಚೆಸ್ಟರ್‌ನ ಬೀದಿಯಲ್ಲಿ ಹಾಕಿದ್ದ ನೇರ ಟ್ರ್ಯಾಕಿನಲ್ಲಿ ಬೋಲ್ಟ್ ಓಡಿದ 150 ಮೀಟರಿಗೆ. ಅಲ್ಲಿ ಅವರ ಸಮಯ 14.35 ಸೆಕೆಂಡ್. ಸೆಕೆಂಡಿಗೆ ಸುಮಾರು 10.45 ಮೀಟರ್. ಶ್ರೀನಿವಾಸ ಗೌಡರದು ಸುಮಾರು 10.46. ಅಂದ್ರೆ ‘ಮೀರಿಸಿದರು’ ಅನ್ನೋದು ಹೋಗಿ ‘ಹೆಚ್ಚುಕಮ್ಮಿ ಸಮ’ ಅಂತಾಯ್ತು.

ಆದರೂ ಅದು ನಂಬಲಾಗದ ವೇಗ. ಕಾರಣ ಸರಳ. ಅವರು ಒಬ್ಬರೇ ಓಡಲಿಲ್ಲ. ಮುಂದೆ ಎಂಟು ಕಾಲುಗಳು ಅವರನ್ನು ಎಳೆದುಕೊಂಡು ಹೋಗುತ್ತಿದ್ದವು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆಸುತ್ತೇವೆ ಅಂದಾಗ ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಊರಿ ಓಡೋದು, ಟ್ರ್ಯಾಕಿನಲ್ಲಿ ಕಾಲ್ಬೆರಳ ಮೇಲೆ ಓಡೋದು, ಎರಡೂ ಬೇರೆ ಅಂತ ಹೇಳಿದರು. ಗೆಲುವಿನ ಪಾಲನ್ನು ಕೋಣಗಳಿಗೂ ಕೊಟ್ಟರು. ಇಡೀ ಗದ್ದಲದಲ್ಲಿ ವೈಜ್ಞಾನಿಕವಾಗಿ ಮಾತಾಡಿದವರು ಅವರೇ ಅಂತ ನನಗನಿಸುತ್ತೆ.

ಕಾಲ ಕೆಳಗಿನ ಮಣ್ಣು

ಕರಾವಳಿಯ ಮಣ್ಣಿಗೆ ವಿಜ್ಞಾನದಲ್ಲಿ ದೊಡ್ಡ ಹೆಸರಿದೆ. 1800-01ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕನನ್, ಇಲ್ಲಿನ ಜನ ಗೋಡೆ ಕಟ್ಟಲು ಕಡಿದು ತೆಗೆಯುವ ಕೆಂಪು ಕಲ್ಲನ್ನು ಕಂಡು ‘ಲ್ಯಾಟರೈಟ್’ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನಮ್ಮ ಮುರಕಲ್ಲೇ ಅದು. ಇವತ್ತು ಜಗತ್ತಿನ ಎಲ್ಲ ಮಣ್ಣು ವಿಜ್ಞಾನದ ಪುಸ್ತಕಗಳಲ್ಲೂ ಆ ಪದ ಇದೆ.

ಈ ಕೆಂಪು ಸೀಮೆಯಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆಯೋದು ಸುಲಭದ ಕೆಲಸವಲ್ಲ. ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗಿಹೋಗುತ್ತೆ. ಅದಕ್ಕೆ ರೈತ ಕಂಡುಕೊಂಡ ಉಪಾಯ ಕೆಸರು ಮಾಡೋದು. ನೀರು ಕಟ್ಟಿ, ಉತ್ತು, ತುಳಿಸಿದಾಗ ಮಣ್ಣಿನ ಸಣ್ಣ ಸಣ್ಣ ಉಂಡೆಗಳು ಒಡೆಯುತ್ತವೆ. ಜೇಡಿಯ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಅದರ ಕೆಳಗೆ, ವರ್ಷ ವರ್ಷ ಗೊರಸು ಮತ್ತು ನೇಗಿಲಿನ ಒತ್ತಡ ಬಿದ್ದು ಒಂದು ಗಟ್ಟಿ ಪದರ ಕೂರುತ್ತೆ. ಮೇಲೆ ಮೆತ್ತನೆ, ಕೆಳಗೆ ಗಟ್ಟಿ. ನೀರು ನಿಲ್ಲೋದು ಈ ಪದರದ ಮೇಲೆ. ಗಾಳಿಯಾಡದ ಕೆಸರಿನಲ್ಲಿ ಕಬ್ಬಿಣದ ರಾಸಾಯನಿಕ ರೂಪವೇ ಬದಲಾಗಿ, ಕೆಂಪು ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತೆ. ಏಣೆಲು, ಸುಗ್ಗಿ, ಕೊಳಕೆ ಅಂತ ಬೆಳೆ ತೆಗೆದ ಹಳೆಯ ಗದ್ದೆಯೊಂದು ಹೀಗೆ ತಲೆಮಾರುಗಳು ಸೇರಿ ಕಟ್ಟಿದ ನೆಲ. ಕಂಬಳ ಹುಟ್ಟಿದ್ದು ಅಂಥ ನೆಲದ ಮೇಲೆ.

ಈಗ ಓಟಕ್ಕೆ ಬನ್ನಿ. 1998ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು. ನಡೆಯಲು ಇನ್ನೂ ದುಬಾರಿ, 2.1ರಿಂದ 2.7 ಪಟ್ಟು. ಮೆತ್ತನೆಯ ನೆಲ ಕಾಲಿನ ಬಲವನ್ನು ನುಂಗಿಬಿಡುತ್ತೆ, ವಾಪಸ್ ಕೊಡೋದಿಲ್ಲ. ಕೆಸರಿನಲ್ಲಿ ಇನ್ನೊಂದು ಕಾಟ ಇದೆ. ಕಾಲು ಎತ್ತುವಾಗ ಪಾದದ ಅಡಿಗೆ ಗಾಳಿ ನುಗ್ಗಲು ಜಾಗ ಇರೋದಿಲ್ಲ, ಕೆಸರು ಹಿಡಿದು ಎಳೆಯುತ್ತೆ. ನೇಜಿ ನೆಟ್ಟವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೋಣಕ್ಕೆ ಇಲ್ಲಿ ಪ್ರಕೃತಿಯ ಸಹಾಯ ಇದೆ. ಅದರ ಗೊರಸು ಅಗಲ, ಊರಿದಾಗ ಬಿಡಿಸಿಕೊಳ್ಳುತ್ತೆ, ಗೊರಸಿನ ಮೇಲಿನ ಕೀಲುಗಳು ಸಲೀಸಾಗಿ ಮಡಚುತ್ತವೆ. ಮನುಷ್ಯನಿಗೆ ಅದಿಲ್ಲ. ಅವನ ಕೈಯಲ್ಲಿರೋದು ಹಗ್ಗ ಮಾತ್ರ.

ಮೈಕಿನಲ್ಲಿ ಯಾರ ಹೆಸರು?

ಕಂಬಳದ ಮೈಕ್ ಕೇಳಿದ್ದೀರಾ? ಮೊದಲು ಬರೋದು ಕೋಣಗಳ ಯಜಮಾನರ ಹೆಸರು, ಊರು, ಮನೆತನ. ಓಡಿಸಿದವರ ಹೆಸರು ಆಮೇಲೆ. ಕ್ರೀಡಾ ಸಮಾಜಶಾಸ್ತ್ರ ಶುರುವಾಗೋದೇ ಇಂಥ ಕಡೆ. ಆಟದಲ್ಲಿ ಗೆದ್ದವರು ಯಾರು ಅಂತ ತೀರ್ಮಾನಿಸೋದು ಗಡಿಯಾರ ಅಷ್ಟೇ ಅಲ್ಲ, ಸಮಾಜವೂ ಹೌದು.

ಬಾಲಿ ದ್ವೀಪದ ಕೋಳಿ ಅಂಕದ ಬಗ್ಗೆ ಕ್ಲಿಫರ್ಡ್ ಗೀರ್ಟ್ಸ್ 1972ರಲ್ಲಿ ಬರೆದ ಪ್ರಬಂಧ ಈ ಕ್ಷೇತ್ರದ ಮೈಲಿಗಲ್ಲು. ಅಲ್ಲಿ ಪಣಕ್ಕಿಟ್ಟಿರುವುದು ಬರೀ ಹಣವಲ್ಲ, ಮನೆತನಗಳ ಮರ್ಯಾದೆ ಅಂತ ಅವರು ತೋರಿಸಿದರು. ತುಳುನಾಡಿನ ಗುತ್ತು, ಬೀಡುಗಳ ಕಂಬಳಕ್ಕೂ ಈ ಮಾತು ಚೆನ್ನಾಗಿ ಒಪ್ಪುತ್ತೆ. ದೊಡ್ಡ ಗದ್ದೆ ದೊಡ್ಡ ಮನೆಯದು, ಕೋಣ ಆ ಮನೆಯ ಗೌರವ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಗದ್ದೆಗಳ ಒಡೆಯರಾದರು. ಯಜಮಾನಿಕೆಯ ಹಳೆಯ ಆಧಾರ ಅಲುಗಾಡಿತು. ಇವತ್ತಿನ ಜೋಡುಕರೆ ಕಂಬಳಗಳನ್ನು ನಡೆಸೋದು ಸಮಿತಿಗಳು. ಫ್ಲಡ್‌ಲೈಟ್, ಪ್ರಾಯೋಜಕರು, ಯೂಟ್ಯೂಬ್ ಲೈವ್ ಎಲ್ಲ ಇವೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಕಂಬಳ ಬಂತು.

ಇದರೊಳಗೆ ನೋವಿನ ಒಂದು ಪುಟವೂ ಇದೆ. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಮಂಜಿನಲ್ಲಿ ಕೂತು ಡೋಲು ಬಡಿಯುತ್ತಾ ಗದ್ದೆ ಕಾಯಬೇಕಿತ್ತು. ಅದಕ್ಕೆ ‘ಪನಿಕುಲ್ಲುನಿ’ ಅಂತಿದ್ದರು. ಕೋಣಗಳ ಕಾಲಿಗೆ ಮುಳ್ಳು, ಗಾಜು ಚುಚ್ಚಬಾರದು ಅಂತ ಅವರನ್ನೇ ಮೊದಲು ಗದ್ದೆಯಲ್ಲಿ ಓಡಿಸುತ್ತಿದ್ದರು. ಕೋಣದ ಪಾದಕ್ಕಿದ್ದ ಬೆಲೆ ಮನುಷ್ಯನ ಪಾದಕ್ಕಿರಲಿಲ್ಲ. ಕೊರಗರನ್ನು ಹೀಗೆ ಕೀಳಾಗಿ ಕಾಣುವ ಅಜಲು ಪದ್ಧತಿಯನ್ನು ರಾಜ್ಯ ಸರ್ಕಾರ 2000ದಲ್ಲಿ ಕಾನೂನು ಮಾಡಿ ನಿಷೇಧಿಸಿತು. ‘ನಮ್ಮ ಸಂಸ್ಕೃತಿ’ ಅಂತ ಸ್ಟೇಟಸ್ ಹಾಕುವಾಗ ಈ ಪುಟವನ್ನು ಹರಿದು ಹಾಕಬಾರದು.

ಶ್ರೀನಿವಾಸ ಗೌಡರು ಕಟ್ಟಡ ಕೆಲಸ ಮಾಡಿಕೊಂಡಿದ್ದವರು. ವಿಡಿಯೊ ಹರಿದಾಡಿದ ಮೇಲೆ ಮುಖ್ಯಮಂತ್ರಿಗಳಿಂದ 3 ಲಕ್ಷ ರೂಪಾಯಿ ಬಂತು, ಸನ್ಮಾನ ಆಯ್ತು. ಅಂದರೆ ಓಡಿಸುವವನ ಹೆಸರು ಯಜಮಾನರ ಹೆಸರಿಗಿಂತ ಮುಂದೆ ಬಂತು. ಅದು ಸಣ್ಣ ಬದಲಾವಣೆ ಅಲ್ಲ.

ಕೋಣ ಏನು ಹೇಳುತ್ತೆ?

ಎಮ್ಮೆ, ಕೋಣಗಳ ಚರ್ಮ ಕಪ್ಪು, ದಪ್ಪ. ಬೆವರಿನ ಗ್ರಂಥಿಗಳು ದನಗಳಿಗೆ ಹೋಲಿಸಿದರೆ ತೀರಾ ಕಡಿಮೆ. ಬಿಸಿಲಿನಲ್ಲಿ ಮೈ ತಣಿಸಿಕೊಳ್ಳಲು ಅವುಗಳಿಗೆ ನೀರು, ಕೆಸರೇ ಗತಿ. ಹಾಗಾಗಿ ಕೆಸರು ಅವುಗಳಿಗೆ ಹಿಂಸೆ ಅನ್ನೋದು ಸರಿಯಲ್ಲ. ಆದರೆ ಕೆಸರಿನಲ್ಲಿ ಹೊರಳಾಡೋದು ಬೇರೆ, ಬೆನ್ನ ಹಿಂದೆ ಬೆತ್ತ ಹಿಡಿದವನಿದ್ದಾಗ ಓಡೋದು ಬೇರೆ. ಮೇಯುವ ಪ್ರಾಣಿಗಳು ಹಿಂದಿನಿಂದ ಏನಾದರೂ ಹತ್ತಿರ ಬಂದರೆ ಮುಂದಕ್ಕೆ ಓಡುತ್ತವೆ. ಅದು ಅವುಗಳ ಸಹಜ ಗುಣ. ಆ ಓಟದಲ್ಲಿ ಕಲಿತ ಅಭ್ಯಾಸ ಎಷ್ಟು, ಭಯ ಎಷ್ಟು ಅನ್ನೋದೇ ನಿಜವಾದ ಪ್ರಶ್ನೆ.

ಸುಪ್ರೀಂ ಕೋರ್ಟ್ 2014ರ ಮೇ 7ರಂದು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದಾಗ ಪ್ರಾಣಿಗಳ ‘ಐದು ಸ್ವಾತಂತ್ರ್ಯ’ಗಳ ಮಾತು ತಂದಿತು. ಹಸಿವು, ಅನಾನುಕೂಲ, ನೋವು, ಭಯ ಈ ನಾಲ್ಕರಿಂದ ಮುಕ್ತಿ, ಜೊತೆಗೆ ಸಹಜ ವರ್ತನೆಗೆ ಅವಕಾಶ. 1965ರಲ್ಲಿ ಬ್ರಿಟನ್ನಿನ ಬ್ರ್ಯಾಂಬೆಲ್ ವರದಿಯಿಂದ ಬೆಳೆದ ಕಲ್ಪನೆ ಅದು. 2017ರಲ್ಲಿ ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದು, ಅನಗತ್ಯ ನೋವು ಕೊಡಬಾರದು ಅನ್ನುವ ಷರತ್ತಿನ ಮೇಲೆ ಕಂಬಳಕ್ಕೆ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ತಿದ್ದುಪಡಿ ಸಿಂಧುವೇ ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ‘ಅನಗತ್ಯ’ ಅಂದರೆ ಎಷ್ಟು ಅನ್ನೋದು ಮುಗಿದಿಲ್ಲ.

ಇಲ್ಲಿ ಕುದುರೆ ಓಟದ ಸಂಶೋಧನೆ ನಮಗೆ ದಾರಿ ತೋರಿಸುತ್ತೆ. ಸಿಡ್ನಿ ವಿಶ್ವವಿದ್ಯಾಲಯದ ಪಾಲ್ ಮೆಕ್‌ಗ್ರೀವಿ ಮತ್ತು ಡೇವಿಡ್ ಇವಾನ್ಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕುದುರೆಗಳು ಅತಿ ವೇಗ ಮುಟ್ಟಿದ್ದು ಚಾವಟಿ ಬೀಸುವ ಮೊದಲೇ. ಕೊನೆಯ 400 ಮೀಟರಿನಲ್ಲಿ ಹೆಚ್ಚು ಹೊಡೆದಿದ್ದಕ್ಕೂ ವೇಗಕ್ಕೂ ಸಂಬಂಧ ಕಾಣಲಿಲ್ಲ. 2020ರಲ್ಲಿ ಬ್ರಿಟನ್ನಿನ ರೇಸುಗಳನ್ನು ಹೋಲಿಸಿದಾಗಲೂ ಚಾವಟಿ ಬಳಸಿದ ಮತ್ತು ಬಳಸದ ಓಟಗಳ ಸಮಯದಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಕುದುರೆ ಬೇರೆ, ಕೋಣ ಬೇರೆ, ಒಪ್ಪೋಣ. ಆದರೆ ‘ಹೊಡೆಯದಿದ್ದರೆ ಓಡಲ್ಲ’ ಅನ್ನುವ ನಂಬಿಕೆಯನ್ನು ಅಳೆದು ನೋಡಬಹುದು ಅನ್ನೋದು ಇದರಿಂದ ಗೊತ್ತಾಯ್ತು.

ಅಳೆಯೋದು ಹೇಗೆ? ಪ್ರಾಣಿಗಳು ತಮ್ಮ ಭಾಷೆಯಲ್ಲಿ ಹೇಳುತ್ತಲೇ ಇರುತ್ತವೆ. ಹಸುಗಳು ಹತಾಶೆಗೊಂಡಾಗ ಕಣ್ಣಿನ ಬಿಳಿ ಭಾಗ ಹೆಚ್ಚು ಕಾಣುತ್ತೆ ಅಂತ ನಾರ್ವೆಯ ಸಂಶೋಧಕರು 2002ರಲ್ಲಿ ತೋರಿಸಿದ್ದಾರೆ. ಎದೆಬಡಿತ, ರಕ್ತದಲ್ಲಿನ ಕಾರ್ಟಿಸಾಲ್, ಕಿವಿಯ ಭಂಗಿ, ಬಾಲ, ಉಸಿರಾಟ ಎಲ್ಲವೂ ಸಾಕ್ಷಿಗಳೇ.

ಮೂರೂ ಸೇರಿದಾಗ

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ದಿನಾ ನೋಡುವ ಒಂದು ಸತ್ಯ ಇದೆ. ಯಾವುದನ್ನು ಅಳೀತೀವೋ ಎಲ್ಲರೂ ಅದನ್ನೇ ಹೆಚ್ಚಿಸಲು ಹೊರಡುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಇಲ್ಲದ್ದು ಕಣ್ಣಿಗೇ ಬೀಳೋದಿಲ್ಲ. ಕಂಬಳದ ಡ್ಯಾಶ್‌ಬೋರ್ಡಿನಲ್ಲಿ ಈಗ ಇರೋದು ಸೆಕೆಂಡುಗಳು. ಬೋಲ್ಟ್ ಹೋಲಿಕೆ ಬಂದ ಮೇಲಂತೂ ಸೆಕೆಂಡೇ ಸರ್ವಸ್ವ. ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಮನೆತನದ ಮರ್ಯಾದೆ ಅಂಟಿಕೊಂಡರೆ, ಅದರ ಒತ್ತಡ ಬೆತ್ತ ಹಿಡಿದವನ ಕೈಗೆ ಇಳಿಯುತ್ತೆ, ಅಲ್ಲಿಂದ ಕೋಣದ ಬೆನ್ನಿಗೆ. ಕರೆ ಸರಿಯಾಗಿ ಹದಗೊಳ್ಳದಿದ್ದರೆ ವೇಗ ಕುಗ್ಗುತ್ತೆ, ಆಗ ಬೆತ್ತಕ್ಕೆ ಕೆಲಸ ಹೆಚ್ಚುತ್ತೆ. ಮಣ್ಣು, ಸಮಾಜ, ಪ್ರಾಣಿ ಮೂರೂ ಒಂದೇ ಸರಪಳಿಯ ಕೊಂಡಿಗಳು.

ಸರಪಳಿಯನ್ನು ಸಡಿಲಿಸುವ ದಾರಿ ಕಂಬಳದ ಒಳಗೇ ಇದೆ. ಕನೆಹಲಗೆ ವಿಭಾಗವನ್ನು ನೋಡಿ. ಅಲ್ಲಿ ಗೆಲುವು ವೇಗಕ್ಕಲ್ಲ, ಮೇಲೆ ಕಟ್ಟಿದ ನಿಶಾನೆಗೆ ನೀರು ಚಿಮ್ಮಿಸಿದ್ದಕ್ಕೆ. ಅಂದರೆ ಯಾವುದನ್ನು ಅಳೆಯಬೇಕು ಅನ್ನೋದನ್ನು ಹಿರಿಯರು ಒಂದೇ ರೀತಿ ಇಟ್ಟುಕೊಂಡಿರಲಿಲ್ಲ. ಸೆಕೆಂಡಿನ ಪಕ್ಕದಲ್ಲಿ ಬೀಸಿದ ಬೆತ್ತದ ಲೆಕ್ಕವೂ ಬಂದರೆ? ಓಟದ ನಂತರ ಕೋಣದ ಎದೆಬಡಿತ ಎಷ್ಟು ಬೇಗ ಇಳಿಯಿತು ಅನ್ನೋದಕ್ಕೂ ಅಂಕ ಇದ್ದರೆ? ಬೆತ್ತವೇ ಇಲ್ಲದ ಒಂದು ವಿಭಾಗ ಇದ್ದರೆ? ಹತ್ತು ಸಾವಿರ ರೂಪಾಯಿಯ ಕೈಗಡಿಯಾರ ನಮ್ಮ ಎದೆಬಡಿತ ಲೆಕ್ಕ ಹಾಕುವ ಕಾಲ ಇದು. ಕೃಷಿ ವಿಶ್ವವಿದ್ಯಾಲಯ, ಪಶುವೈದ್ಯಕೀಯ ವಿಶ್ವವಿದ್ಯಾಲಯ, ಮಂಗಳೂರಿನ ಸಮಾಜಶಾಸ್ತ್ರಜ್ಞರು ಒಂದು ಋತುವಿನ ಮಟ್ಟಿಗೆ ಒಂದೇ ಕರೆಯ ಬದಿಯಲ್ಲಿ ನಿಂತರೆ ಇದೆಲ್ಲ ಆಗುವ ಮಾತೇ.

ಆತುರವೂ ಇದೆ. ಉಳುಮೆಗೆ ಟಿಲ್ಲರ್ ಬಂದು ಎಷ್ಟೋ ವರ್ಷ ಆಯ್ತು. ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಉಳುವ ಕೋಣ ಬಿಡುವಿನಲ್ಲಿ ಓಡುತ್ತಿದ್ದ ಕಾಲ ಹೋಗಿ, ಓಡುವುದಕ್ಕಾಗಿಯೇ ಕೋಣ ಸಾಕುವ ಕಾಲ ಬಂದಿದೆ. ಹಾಗಿರುವಾಗ ಅದರ ಬದುಕು ಚೆನ್ನಾಗಿದೆಯಾ ಅಂತ ನೋಡುವ ಹೊಣೆ ಪೂರ್ತಿ ಆಟದ ಮೇಲೆಯೇ ಬೀಳುತ್ತೆ.

ನವೆಂಬರಿನಿಂದ ಮಾರ್ಚ್‌ವರೆಗೆ ಕಂಬಳದ ಋತು. ಹೋದರೆ ಮಂಜೊಟ್ಟಿಯ ಹತ್ತಿರದ ಗಡಿಯಾರವನ್ನಷ್ಟೇ ನೋಡಬೇಡಿ. ಓಟ ಶುರುವಾಗುವ ಗಂತಿನ ಹತ್ತಿರವೂ ಸ್ವಲ್ಪ ಹೊತ್ತು ನಿಲ್ಲಿ. ಕೋಣ ಎಳೆಸಿಕೊಂಡು ಬರುತ್ತಾ, ತಾನೇ ಬರುತ್ತಾ ನೋಡಿ. ಅದರ ಕಣ್ಣು ನೋಡಿ. ಓಡಿಸುವವರ ಹೆಸರು ಕೇಳಿ ತಿಳಿದುಕೊಳ್ಳಿ. ಆಮೇಲೆ ವಿಡಿಯೊ ಮಾಡಿ ಹಾಕಿ, ಆ ಹೆಸರನ್ನೂ ಸೇರಿಸಿ.