ಡಿಸ್ಕ್ ಓದದ ಪಿಎಸ್2ಗೆ ಹಾರ್ಡ್ ಡಿಸ್ಕ್

ಪ್ಲೇಸ್ಟೇಷನ್ 2 ಇಟ್ಟುಕೊಂಡಿರುವವರ ದೂರು ಹೆಚ್ಚಾಗಿ ಒಂದೇ: "ಆನ್ ಆಗುತ್ತೆ, ಡಿಸ್ಕ್ ಮಾತ್ರ ಓದಲ್ಲ." ನಮ್ಮ ತರಗತಿಯಲ್ಲೇ ಇಬ್ಬರು ಹೀಗೆ ಹೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಯಂತ್ರ ಜಪಾನಿನಲ್ಲಿ ಬಿಡುಗಡೆಯಾದದ್ದು 2000ದ ಮಾರ್ಚ್‌ನಲ್ಲಿ. ಸೋನಿ ಇದರ ತಯಾರಿಕೆ ನಿಲ್ಲಿಸಿದ್ದು 2013ರ ಆರಂಭದಲ್ಲಿ. ಅಕೌಂಟೆನ್ಸಿಯ ಸವಕಳಿ ಲೆಕ್ಕದಲ್ಲಿ ಇದರ ಬೆಲೆ ಎಂದೋ ಸೊನ್ನೆಯಾಗಿರಬೇಕು. ಆದರೆ ಎಲ್ಲ ಭಾಗಗಳೂ ಒಂದೇ ಸಮನೆ ಸವೆಯುವುದಿಲ್ಲ. ಮೊದಲು ಸೋಲುವುದು ಸಾಮಾನ್ಯವಾಗಿ ಡಿಸ್ಕ್ ಓದುವ ಲೇಸರ್. ಮಾಮು 2003ರಲ್ಲಿ ದಮ್ಮಾಮ್‌ನಿಂದ ತಂದ ನಮ್ಮ ಪಿಎಸ್2ನಲ್ಲಿ ನೀಲಿ ತಳದ ಸಿಡಿ ಆಟಗಳು ಓಡುತ್ತಿದ್ದವು, ಬೆಳ್ಳಿ ತಳದ ಡಿವಿಡಿ ಹಾಕಿದರೆ 'ಡಿಸ್ಕ್ ರೀಡ್ ಎರರ್' ಬರುತ್ತಿತ್ತು. ಸಿಡಿಗೂ ಡಿವಿಡಿಗೂ ಬೇರೆ ಬೇರೆ ಲೇಸರ್ ಬೆಳಕು ಬೇಕು. ಒಂದು ಸೋತರೂ ಇನ್ನೊಂದು ಉಳಿದಿರಬಹುದು. ಅಮ್ಮಿ ಮಾತ್ರ "ಗುಜರಿಗೆ ಹಾಕಿಬಿಡು" ಎನ್ನುತ್ತಿದ್ದರು.

ದಪ್ಪ ಮಾದರಿಯ ಪಿಎಸ್2 ಹಿಂಭಾಗದಲ್ಲಿ ಒಂದು ಮುಚ್ಚಳವಿದೆ. ಅದರೊಳಗೆ ಹಾರ್ಡ್ ಡಿಸ್ಕ್ ಕೂರುವಷ್ಟು ಜಾಗ ಬಿಟ್ಟದ್ದು ಸೋನಿಯೇ. ಕಂಪನಿ 40 ಜಿಬಿಯ ಹಾರ್ಡ್ ಡಿಸ್ಕನ್ನೂ ಮಾರಿತ್ತು, ಆದರೆ ಅದನ್ನು ಬಳಸಿದ ಆಟಗಳು ಕೆಲವೇ. ಆ ಜಾಗಕ್ಕೆ ನೆಟ್‌ವರ್ಕ್ ಅಡಾಪ್ಟರ್ ಸಿಕ್ಕಿಸಿ, ಅದಕ್ಕೆ ಹಾರ್ಡ್ ಡಿಸ್ಕ್ ಜೋಡಿಸಬೇಕು. ಸೋನಿಯ ಹಳೆಯ ಅಡಾಪ್ಟರ್‌ನಲ್ಲಿರುವುದು ಅಗಲ ಪಟ್ಟಿಯ ಐಡಿಇ ಪಿನ್. ಈಗಿನ ಸಾಟಾ ಡಿಸ್ಕ್ ಹಿಡಿಯುವ ಅಡಾಪ್ಟರ್‌ಗಳನ್ನು ಬೇರೆಯವರು ತಯಾರಿಸುತ್ತಾರೆ. ನಾನು ಅಂಥದ್ದೊಂದನ್ನು ತರಿಸಿ, ಕೆಟ್ಟ ಲ್ಯಾಪ್‌ಟಾಪ್‌ನಿಂದ ತೆಗೆದ 160 ಜಿಬಿ ಡಿಸ್ಕ್ ಹಾಕಿದೆ. ತುಂಬಿದ ಡಿವಿಡಿ ಆಟವೊಂದಕ್ಕೆ 4.7 ಜಿಬಿ ಎಂದು ಹಿಡಿದರೂ ಮೂವತ್ತಕ್ಕೂ ಹೆಚ್ಚು ಆಟ ಹಿಡಿಯುತ್ತದೆ.

ಇನ್ನು ಸಾಫ್ಟ್‌ವೇರ್. ಪಿಎಸ್2 ಆನ್ ಆದ ಕೂಡಲೇ ಮೆಮೊರಿ ಕಾರ್ಡಿನಲ್ಲಿ ಸಿಸ್ಟಮ್ ಅಪ್‌ಡೇಟ್ ಇದೆಯೇ ಎಂದು ಹುಡುಕುತ್ತದೆ. 'ಫ್ರೀ ಮ್ಯಾಕ್‌ಬೂಟ್' ಆ ಜಾಗದಲ್ಲಿ ಕೂತು ಬಾಗಿಲು ತೆರೆಯುತ್ತದೆ, ಅದರ ಮೂಲಕ 'ಓಪನ್ ಪಿಎಸ್2 ಲೋಡರ್' ಓಡುತ್ತದೆ. ಬೆಸುಗೆ ಹಾಕುವ ಕೆಲಸವೇ ಇಲ್ಲ. ನಂತರ ಹಾರ್ಡ್ ಡಿಸ್ಕನ್ನು ಪಿಎಸ್2ನ ರೀತಿಯಲ್ಲಿ ಫಾರ್ಮ್ಯಾಟ್ ಮಾಡಬೇಕು. ಆಗ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಮದುವೆಯ ಫೋಟೋಗಳಿದ್ದರೆ ಮೊದಲೇ ಬೇರೆಡೆಗೆ ಹಾಕಿಕೊಳ್ಳಿ.

ಆಟದ ಡಿಸ್ಕನ್ನು ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ಹಾಕಿ ಐಎಸ್‌ಒ ಫೈಲ್ ಮಾಡಿಕೊಳ್ಳಬೇಕು. ಆಮೇಲೆ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕೇಬಲ್ ಮೂಲಕ ಅದೇ ಕಂಪ್ಯೂಟರಿಗೆ ಜೋಡಿಸಿ 'ಎಚ್‌ಡಿಎಲ್ ಡಂಪ್' ಎಂಬ ಪ್ರೋಗ್ರಾಮಿನಿಂದ ಆಟವನ್ನು ಅದಕ್ಕೆ ಬರೆಯಬೇಕು. ಇಲ್ಲೊಂದು ಎಚ್ಚರಿಕೆ. ಪಿಎಸ್2 ಡಿಸ್ಕಿನ ವಿಂಗಡಣೆ ವಿಂಡೋಸ್‌ಗೆ ಅರ್ಥವಾಗುವುದಿಲ್ಲ. ಖಾಲಿ ಡಿಸ್ಕ್ ಎಂದುಕೊಂಡು 'ಇನಿಶಿಯಲೈಜ್ ಮಾಡಲೇ?' ಎಂದು ಕೇಳಬಹುದು. ಕ್ಯಾನ್ಸಲ್ ಒತ್ತಿ. ಓಕೆ ಕೊಟ್ಟರೆ ಬರೆದ ಆಟಗಳ ಪಟ್ಟಿಯೇ ಕೆಡುತ್ತದೆ.

ಇಷ್ಟಾದರೆ ಟಿವಿಯಲ್ಲಿ ಆಟಗಳ ಪಟ್ಟಿ ಬರುತ್ತದೆ, ಡಿಸ್ಕ್ ಹಾಕುವ ಅಗತ್ಯವೇ ಇಲ್ಲ. ಡ್ರೈವ್ ತಿರುಗುವ ಸದ್ದಿಲ್ಲ, ಲೋಡಿಂಗ್‌ಗೆ ಕಾಯುವುದೂ ಕಡಿಮೆ. ಆದರೆ ನೀವು ಸೇವ್ ಮಾಡುವುದು ಮೊದಲಿನಂತೆ ಆ 8 ಎಂಬಿ ಮೆಮೊರಿ ಕಾರ್ಡಿಗೇ. ಅದನ್ನು ಕಿತ್ತು ಎಸೆಯಬೇಡಿ. ಕೆಲವು ಆಟಗಳು ಹಠ ಮಾಡುತ್ತವೆ. ಅವುಗಳಿಗೆ ಲೋಡರ್‌ನ ಹೊಂದಾಣಿಕೆ ಮೋಡ್‌ಗಳನ್ನು ಒಂದೊಂದಾಗಿ ಬದಲಿಸಿ ನೋಡಬೇಕು.

2004ರ ನಂತರ ಬಂದ ತೆಳ್ಳಗಿನ ಮಾದರಿ ಇದ್ದವರಿಗೆ ಈ ಜಾಗ ಇಲ್ಲ. ಪೆನ್‌ಡ್ರೈವ್ ಸಾಕು ಎಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಪಿಎಸ್2ನ ಯುಎಸ್‌ಬಿ ಹಳೆಯ 1.1, ಸೆಕೆಂಡಿಗೆ ಹೆಚ್ಚೆಂದರೆ 1.5 ಎಂಬಿ. ಅದರ ಡಿವಿಡಿ ಡ್ರೈವ್ 5 ಎಂಬಿ ದಾಟುತ್ತದೆ. ಹಾಗಾಗಿ ಪೆನ್‌ಡ್ರೈವ್‌ನಲ್ಲಿ ಆಟದ ನಡುವಿನ ವಿಡಿಯೋಗಳು ತಡವರಿಸುತ್ತವೆ. ಅದಕ್ಕಿಂತ ತೆಳ್ಳಗಿನ ಪಿಎಸ್2 ಹಿಂಭಾಗದ ನೆಟ್‌ವರ್ಕ್ ಕಿಂಡಿಗೆ ಕೇಬಲ್ ಹಾಕಿ, ಲ್ಯಾಪ್‌ಟಾಪ್‌ನಲ್ಲಿರುವ ಆಟ ಓಡಿಸುವುದು ಮೇಲು. ಕೊನೆಕೊನೆಯ 90000 ಸರಣಿಯ ಕೆಲವು ಯಂತ್ರಗಳಲ್ಲಿ ಫ್ರೀ ಮ್ಯಾಕ್‌ಬೂಟ್ ನಡೆಯುವುದಿಲ್ಲ. ಕಾರ್ಡ್ ಕೊಳ್ಳುವ ಮೊದಲು ತಳದ ನಂಬರ್ ನೋಡಿ.

ಇದು ಕಳ್ಳತನವಲ್ಲವೇ ಎಂದು ಅಬ್ಬಾ ಕೇಳಿದರು. ಸರಿಯಾದ ಪ್ರಶ್ನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವನು ಅದು ಹಾಳಾದೀತೆಂಬ ಮುನ್ನೆಚ್ಚರಿಕೆಗೆ ಬ್ಯಾಕಪ್ ಮಾಡಿಕೊಳ್ಳಲು ಬಿಡುತ್ತದೆ. ಗೆಳೆಯನ ಡಿಸ್ಕ್ ತಂದು ಇಳಿಸಿಕೊಳ್ಳುವುದಕ್ಕೆ, ಆಟ ತುಂಬಿದ ಹಾರ್ಡ್ ಡಿಸ್ಕ್ ಮಾರುವುದಕ್ಕೆ ಈ ಮಾತು ಅನ್ವಯಿಸದು. ನಾನು ಇಳಿಸಿದ್ದು ಮಾಮು ದುಡ್ಡು ಕೊಟ್ಟು ಕೊಂಡ ಹನ್ನೊಂದು ಡಿಸ್ಕ್‌ಗಳನ್ನಷ್ಟೇ. 2009ರಲ್ಲಿ ಹೈದರಾಬಾದಿನಲ್ಲಿ ತಯಾರಾದ 'ಹನುಮಾನ್: ಬಾಯ್ ವಾರಿಯರ್' ಕೂಡ ಪಿಎಸ್2 ಡಿಸ್ಕಿನಲ್ಲೇ ಬಂದ ಆಟ. ಇಂಥ ಡಿಸ್ಕ್ ಮನೆಯಲ್ಲಿದ್ದರೆ ಗೀರು ಬೀಳುವ ಮೊದಲೇ ಪ್ರತಿ ಮಾಡಿಟ್ಟುಕೊಳ್ಳಿ, ಏಕೆಂದರೆ ಡಿಸ್ಕೇ ಕೆಟ್ಟಿದ್ದರೆ ಹಾರ್ಡ್ ಡಿಸ್ಕ್ ಏನೂ ಮಾಡಲಾರದು. ನಮ್ಮ ಹನ್ನೊಂದರಲ್ಲಿ ಒಂಬತ್ತು ಮಾತ್ರ ಪೂರ್ತಿ ಇಳಿದವು. ಉಳಿದೆರಡರಲ್ಲಿ ಒಂದು 'ಕ್ರಿಕೆಟ್ 07', ಮಾಮು ಈಗಲೂ ಕೇಳುವುದು ಅದನ್ನೇ. ಯಾರ ಹತ್ತಿರವಾದರೂ ಅದರ ಅಸಲಿ ಪಿಎಸ್2 ಡಿಸ್ಕ್ ಇದ್ದು ಮಾರುವ ಮನಸ್ಸಿದ್ದರೆ ದ್ವಿತೀಯ ಪಿಯು ವಾಣಿಜ್ಯ ವಿಭಾಗದಲ್ಲಿ ನನ್ನನ್ನು ಕಾಣಿ.